ಹಾಳೆ ತಿರುಗಿದ ಸದ್ದು

ಬುಧವಾರ, ಊಟವಾದ ಮೇಲೆ

ನನ್ನ ಗಾಳಿಪಟಕ್ಕೆ,

ಅಮ್ಮನ ಮೊದಲ ಮುತ್ತು ಹಣೆಗೆ, ಎರಡನೆಯದು ಆ ಮೊಂಡು ಮೂಗಿಗೆ. ಆಶೀರ್ವಾದವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಪೂರ್ತಿ ಓದಿದರೆ ಮಾತ್ರ ಸಿಗುತ್ತದೆ. ಇವತ್ತು ಬುಧವಾರ ಎಂದು ಕೇಳಿ ತಿಳಿದು ಬರೆದೆ. ಗೋಡೆಯ ಕ್ಯಾಲೆಂಡರ್ ಈಗ ನನ್ನ ಪಾಲಿಗೆ ಬರೀ ಚೌಕಗಳ ಚಿತ್ರ.

ಸಾಲುಗಳು ಒಂದರ ಮೇಲೊಂದು ಹತ್ತಿ ಕೂತಿದ್ದರೆ ಬೈಯಬೇಡ. ಅಡಿಪಟ್ಟಿ ಇಟ್ಟು, ಒಂದು ಸಾಲು ಮುಗಿದೊಡನೆ ಅದನ್ನು ಬೆರಳಿನಗಲ ಕೆಳಗೆ ಸರಿಸಿಕೊಂಡು ಬರೆಯುತ್ತಿದ್ದೇನೆ. ನನಗೆ ಬರೆಯಲು ಬರುತ್ತದೆ, ಬರೆದದ್ದನ್ನು ಓದಲು ಬರುವುದಿಲ್ಲ. ಈ ಸಂಗತಿ ನಿನಗೆ ಗೊತ್ತಿದೆಯೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ. ಹಿಂದಿನ ಎರಡು ಕಾಗದಗಳಲ್ಲಿ ಎಲ್ಲ ವಿವರವಾಗಿ ಬರೆದಿದ್ದೆ. ಅವನ್ನು ಅಂಚೆಗೆ ಹಾಕುತ್ತೇನೆಂದು ತೆಗೆದುಕೊಂಡು ಹೋದವನು ನಿನ್ನಣ್ಣ. ನಿನ್ನ ಕೈ ಸೇರಿವೆ ಎಂದೇ ನಂಬಿಕೊಂಡಿದ್ದೇನೆ. ಆದರೂ ಇನ್ನೊಮ್ಮೆ ಹೇಳಿಬಿಡುತ್ತೇನೆ, ಕೇಳು.

ಬೇಸಿಗೆ ಶುರುವಾದಾಗ ಒಂದು ಬೆಳಿಗ್ಗೆ ಪತ್ರಿಕೆ ಬಿಡಿಸಿದೆ. ಒಂದಕ್ಷರವೂ ತಿಳಿಯಲಿಲ್ಲ. ಯಾವುದೋ ದೇಶದ ಲಿಪಿ ಎನ್ನಿಸಿತು. ನಿನ್ನಮ್ಮ ಎಂಥವಳು ಗೊತ್ತಲ್ಲ, ಜೀವನವೆಲ್ಲ ಮುದ್ರಣಾಲಯದಲ್ಲಿ ಕರಡು ತಿದ್ದಿದವಳು. ತನಗೇನೋ ಆಗಿದೆ ಎಂದು ಅವಳಿಗೆ ಹೊಳೆಯಲೇ ಇಲ್ಲ. ಅಚ್ಚು ಹಾಕಿದವರ ತಲೆ ಕೆಟ್ಟಿದೆ ಎಂದುಕೊಂಡು ಕೆಂಪು ಪೆನ್ನು ಹುಡುಕಿದಳು! ಆಸ್ಪತ್ರೆಯಲ್ಲಿ ಡಾಕ್ಟರು ಬಿಡಿಸಿ ಹೇಳಿದರು. ಮಿದುಳಿನ ಹಿಂಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ. ಕಣ್ಣು ಚೆನ್ನಾಗಿದೆ, ಬುದ್ಧಿ ಚೆನ್ನಾಗಿದೆ, ಕೈ ಚೆನ್ನಾಗಿದೆ. ಕಣ್ಣಿನಿಂದ ಅಕ್ಷರಕ್ಕೆ ಹೋಗುವ ದಾರಿಯೊಂದು ಮಾತ್ರ ಮುಚ್ಚಿಹೋಗಿದೆ. ಪೆನ್ನು ಕೊಟ್ಟು ಹೆಸರು ಬರೆಯಿರಿ ಎಂದರು. ಮುತ್ತು ಪೋಣಿಸಿದ ಹಾಗೆ ಬರೆದೆ. ಈಗ ಓದಿ ಎಂದರು. ನನ್ನ ಹೆಸರೇ ನನಗೆ ಗುರುತು ಸಿಗಲಿಲ್ಲ. ಆಮೇಲೆ ನನ್ನ ಕಣ್ಣು ಮುಚ್ಚಿಸಿ, ಅಂಗೈಯಲ್ಲಿ ಬೆರಳಿನಿಂದ ಒಂದು ಅಕ್ಷರ ಗೀಚಿದರು. ‘ಮ’ ಎಂದೆ ತಕ್ಷಣ. ಕೈಗೆ ಇನ್ನೂ ಓದು ಉಳಿದಿದೆ ಎಂದು ಡಾಕ್ಟರಿಗೆ ಹೇಳತೀರದ ಖುಷಿ. ನಾನು ಮಾತ್ರ ಅಲ್ಲೇ ಗೊಳೋ ಎಂದು ಅತ್ತುಬಿಟ್ಟೆ.

ಅಂದಿನಿಂದ ಈ ಮನೆಯಲ್ಲಿ ಓದುವವನು ನಿನ್ನಣ್ಣ. ಔಷಧಿ ಶೀಶೆ, ಕರೆಂಟ್ ಬಿಲ್ಲು, ನಿನ್ನ ಕಾಗದ, ಎಲ್ಲವನ್ನೂ ಅವನೇ ಓದಿ ಹೇಳಬೇಕು. ವಿಮಾ ಕಚೇರಿಯಲ್ಲಿ ಸಣ್ಣಕ್ಷರದ ಷರತ್ತುಗಳನ್ನು ಓದುವುದೇ ಕೆಲಸವಾಗಿರುವಾಗ, ಮನೆಗೆ ಬಂದರೂ ಪಾಪ ಅದೇ ಗತಿ. ತನ್ನ ಬಾಡಿಗೆ ಮನೆ ಬಿಟ್ಟು ನನಗಾಗಿ ಇಲ್ಲಿಗೆ ಬಂದಿದ್ದಾನೆ. ತೊಡೆಯ ಮೇಲೆ ಕೂರಿಸಿಕೊಂಡು ಅವನಿಗೆ ಅಕ್ಷರ ತಿದ್ದಿಸಿದವಳು ನಾನು, ಈಗ ನನಗೆ ಅವನು ಓದಿ ಹೇಳುತ್ತಾನೆ. ಇದರಲ್ಲಿ ಕೊಂಕು ಹುಡುಕಬಾರದು. ಅವನು ಒಳ್ಳೆಯವನು.

ನನ್ನನ್ನು ನೋಡಿಕೊಳ್ಳಲು ಒಬ್ಬಳನ್ನು ಇಟ್ಟಿದ್ದಾನೆ. ಕೇಳಿದ್ದಕ್ಕಷ್ಟೇ ಮಾತಾಡುತ್ತಾಳೆ, ಹಾಗಾಗಿ ಮೌನಗೌರಿ ಎಂದು ನಾನೇ ಹೆಸರಿಟ್ಟೆ. ಕೆಲಸ ಕೇಳಿಕೊಂಡು ಬಂದವರಲ್ಲಿ ಓದು ಬಾರದವಳನ್ನೇ ನಿನ್ನಣ್ಣ ಆರಿಸಿದ. “ಓದೋಕೆ ಬರೋರು ಮನೆ ಕಾಗದ ಪತ್ರ ಎಲ್ಲ ಕೆದಕ್ತಾರಮ್ಮ” ಎಂದ. ಆಗ ನನಗೂ ಹೌದೆನ್ನಿಸಿತು. ಒಳ್ಳೆಯ ಹೆಂಗಸು. ಅವಳು ತಲೆ ಬಾಚಿದರೆ ಕೂತಲ್ಲೇ ನಿದ್ದೆ ಬರುತ್ತದೆ. ನಾಲ್ಕಕ್ಷರ ಕಲಿತಿದ್ದರೆ ಎಲ್ಲೋ ಇರುತ್ತಿದ್ದಳು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಕಲಿಸೋಣವೆಂದರೆ ಕಲಿಸುವವಳ ಕಥೆಯೇ ಹೀಗಾಗಿದೆ.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ. ಮುದ್ರಣಾಲಯದಲ್ಲಿ ನಾವು ಜೋಡಿಯಾಗಿ ಕೂತು ಕೆಲಸ ಮಾಡುತ್ತಿದ್ದುದು ನಿನಗೆ ನೆನಪಿರಬೇಕು. ಎಲ್ಲರೂ ತಾತ ಎಂದು ಕರೆಯುತ್ತಿದ್ದ ಹಿರಿಯರೊಬ್ಬರು ಎದುರು ಕೂತು, ಲೇಖಕರ ಕೈಬರಹವನ್ನು ಗಟ್ಟಿಯಾಗಿ ಓದುತ್ತಿದ್ದರು. ನಾನು ಅಚ್ಚಾದ ಕರಡಿನ ಮೇಲೆ ಕಣ್ಣಿಟ್ಟು ಕೇಳುತ್ತಿದ್ದೆ. ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಅವರು ಬಾಯಿಬಿಟ್ಟು ಹೇಳಬೇಕು. ಊಟವಾದ ಮೇಲೆ ತೂಕಡಿಕೆ ಬಂದಾಗ ಅವರು ತಮ್ಮ ತಲೆಯಿಂದಲೇ ಒಂದೆರಡು ವಾಕ್ಯ ಕಟ್ಟಿ ಸೇರಿಸಿಬಿಡುತ್ತಿದ್ದರು. ಕಣ್ಣಿಗಿಂತ ಮೊದಲು ನನ್ನ ಕಿವಿಗೆ ಅದು ಗೊತ್ತಾಗುತ್ತಿತ್ತು. ಮಾತಿಲ್ಲದೆ ಪೆನ್ಸಿಲ್ ತೆಗೆದುಕೊಂಡು ಮೇಜಿನ ಮೇಲೆ ಒಮ್ಮೆ ಕುಟ್ಟುತ್ತಿದ್ದೆ. “ಮಹಾತಾಯಿ, ನಿನ್ನ ಕಿವಿ ತಪ್ಪಿಸೋಕಾಗಲ್ಲಮ್ಮ” ಎಂದು ನಕ್ಕು ಮತ್ತೆ ಸರಿಯಾಗಿ ಓದುತ್ತಿದ್ದರು.

ಓದುವವರ ದನಿ ಬೇರೆ, ಕಟ್ಟಿ ಹೇಳುವವರ ದನಿ ಬೇರೆ. ಓದುವವರು ಸಾಲಿನ ತುದಿಯಲ್ಲಿ ಒಂಚೂರು ತಡೆಯುತ್ತಾರೆ, ಕಣ್ಣು ಮುಂದಿನ ಸಾಲಿಗೆ ಇಳಿಯಬೇಕಲ್ಲ. ಕೆಟ್ಟ ಕೈಬರಹ ಬಂದರೆ ಮುಗ್ಗರಿಸುತ್ತಾರೆ, ಹಿಂದಕ್ಕೆ ಹೋಗಿ ಮತ್ತೆ ಓದುತ್ತಾರೆ. ಕಟ್ಟಿ ಹೇಳುವವರು ಮುಗ್ಗರಿಸುವುದೇ ಇಲ್ಲ. ಆದರೆ ಮಾತಿನ ನಡುವೆ, ಮುಂದೇನು ಹೇಳಲಿ ಎಂದು ಒಂದು ಕ್ಷಣ ನಿಂತುಬಿಡುತ್ತಾರೆ.

ಕಾಯಿಲೆಯಾದ ಮೇಲೆ ನಿನ್ನಿಂದ ಮೂರು ಕಾಗದ ಬಂದವು. ನಿನ್ನದು ಕಾಗೆ ಕಾಲು ಗುಬ್ಬಿ ಕಾಲಿನ ಅಕ್ಷರ. ಕರಡು ತಿದ್ದುವವಳ ಹೊಟ್ಟೆಯಲ್ಲಿ ಹುಟ್ಟಿದವಳ ಬರಹ ಹೀಗೇಕಾಯಿತು ಎಂದು ತಾತನೂ ಗೇಲಿ ಮಾಡುತ್ತಿದ್ದರು. ಹೆತ್ತವಳಾದ ನಾನೇ ಅದನ್ನು ಎರಡೆರಡು ಸಲ ಓದಬೇಕಾಗುತ್ತಿತ್ತು. ನಿನ್ನಣ್ಣ ನೀರು ಕುಡಿದ ಹಾಗೆ ಓದಿಬಿಟ್ಟ. ಲಕೋಟೆ ದಪ್ಪಗಿತ್ತು, ನಾನೇ ಹಿಡಿದು ನೋಡಿದ್ದೆ. ಅವನು ಓದಿ ಮುಗಿಸುವ ತನಕ ಹಾಳೆ ತಿರುಗಿದ ಸದ್ದು ಒಮ್ಮೆಯೂ ಕೇಳಲಿಲ್ಲ. ಓದಲು ಬಾರದಿದ್ದರೂ ನೋಡಲು ಬರುತ್ತದಲ್ಲ, ಅವನ ಕಣ್ಣನ್ನೇ ನೋಡುತ್ತ ಕೂತಿದ್ದೆ. ಅದು ಹಾಳೆಯ ಮೇಲೆ ಒಂದೇ ಕಡೆ ನಿಂತಿತ್ತು.

ನಿನಗೆ ರಜೆ ಸಿಗುವುದಿಲ್ಲವಂತೆ. ನಾನು ಅಣ್ಣ ಹೇಳಿದಂತೆ ಕೇಳಬೇಕಂತೆ. ಮೂರು ಕಾಗದಗಳ ಸಾರವೂ ಇಷ್ಟೇ. ಗುಡ್ಡದ ಮೇಲಿನ ಹವಾಮಾನ ಕೇಂದ್ರದಲ್ಲಿ ಕೂತು ದಿನವೆಲ್ಲ ಗಾಳಿ ಅಳೆಯುವವಳು ನೀನು. ಗಾಳಿ ಯಾವ ದಿಕ್ಕಿನದು, ಎಷ್ಟು ವೇಗದ್ದು ಎಂದು ಹೇಳದೆ ಒಂದು ಕಾಗದವನ್ನಾದರೂ ಶುರುಮಾಡಿದ್ದೀಯಾ? “ಗಾಳಿ ಬಗ್ಗೆ ಏನೂ ಬರೆದಿಲ್ವೇನೋ?” ಎಂದು ಕೇಳಿದೆ. ಹಾಳೆಯಿಂದ ಕಣ್ಣೆತ್ತಿ ಕಿಟಕಿಯ ಕಡೆ ನೋಡಿದ. ಆಮೇಲೆ, “ಬರೆದಿದಾಳೆ, ಗಾಳಿ ತುಂಬಾ ಇದೆಯಂತೆ” ಎಂದ.

ತುಂಬಾ ಅಂತೆ! ನನಗೆ ನಗು ಬಂತು. ನಕ್ಕ ಮೇಲೆ ಊಟ ಸೇರಲಿಲ್ಲ.

ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ಹೆಸರು ಹುಡುಕಿ ಒತ್ತಲು ನನಗೆ ಬಾರದೆಂದು ಅವನೇ ಅದನ್ನು ಇಟ್ಟುಕೊಂಡಿದ್ದಾನೆ. ಕೇಳಿದಾಗಲೆಲ್ಲ ನಿನ್ನ ಗುಡ್ಡಕ್ಕೆ ಲೈನ್ ಸಿಗುತ್ತಿಲ್ಲ ಎನ್ನುತ್ತಾನೆ.

ಇಲ್ಲಿ ಬಾಗಿಲ ಸದ್ದಾಗಿ ಕಾಗದವನ್ನು ದಿಂಬಿನ ಕೆಳಗೆ ತಳ್ಳಿದೆ. ಮೌನಗೌರಿ ಮಾತ್ರೆ ತಂದಿದ್ದಳು. ಈಗ ಎಲ್ಲಿಗೆ ನಿಲ್ಲಿಸಿದ್ದೆನೋ ತಿಳಿಯುತ್ತಿಲ್ಲ. ಮಸಿ ಎಲ್ಲಿಗೆ ಮುಗಿದಿದೆ ಎಂಬುದು ಕಾಣುತ್ತದೆ, ಮಾತು ಎಲ್ಲಿಗೆ ಮುಗಿದಿದೆ ಎಂಬುದು ಕಾಣುವುದಿಲ್ಲ. ನಿನ್ನಣ್ಣ ಒಳ್ಳೆಯವನು ಎಂದು ಬರೆದೆನೇ? ಬರೆದಿರದಿದ್ದರೆ ಈಗ ಬರೆಯುತ್ತೇನೆ, ಅವನು ಒಳ್ಳೆಯವನು. ಎರಡು ಸಲ ಬಂದಿದ್ದರೆ ಒಂದನ್ನು ನೀನೇ ಹೊಡೆದುಹಾಕು.

ಸೋಮವಾರ ನನಗೆ ಕಣ್ಣಿನ ಆಪರೇಷನ್ ಇದೆಯಂತೆ. ಕಣ್ಣು ಚೆನ್ನಾಗಿದೆ ಎಂದು ಡಾಕ್ಟರು ಹೇಳಿದ್ದರಲ್ಲೋ ಎಂದೆ. “ದೊಡ್ಡ ಡಾಕ್ಟ್ರು ಹೇಳಿದಾರಮ್ಮ, ಅದೆಲ್ಲ ನಿಂಗೆ ಅರ್ಥ ಆಗಲ್ಲ” ಎಂದ. ನನ್ನನ್ನೇ ನೋಡದ ದೊಡ್ಡ ಡಾಕ್ಟರು ನನ್ನ ಕಣ್ಣನ್ನು ಯಾವಾಗ ನೋಡಿದರೋ. ಎರಡು ದಿನ ಅಲ್ಲಿರಬೇಕಂತೆ. ಅಷ್ಟಕ್ಕೆ ಅಟ್ಟದ ಮೇಲಿನ ದೊಡ್ಡ ಸೂಟ್‌ಕೇಸ್ ಕೆಳಗಿಳಿದಿದೆ. ಸ್ವೆಟರು, ಶಾಲು, ಚಳಿಗಾಲದ ಕಾಲುಚೀಲ, ಎಲ್ಲ ಅದರೊಳಗೆ ಹೋಗುತ್ತಿವೆ. ನಿನ್ನಪ್ಪನ ಫೋಟೋ ಕೂಡ ಗೋಡೆಯಿಂದ ಇಳಿದಿದೆ. ಮೊನ್ನೆ ಇಬ್ಬರು ಬಂದು ನನ್ನ ಕೋಣೆಯಲ್ಲಿ ಟೇಪು ಎಳೆದು ಅಳತೆ ತೆಗೆದರು. ಬಣ್ಣ ಬಳಿಯಲು ಎಂದ ನಿನ್ನಣ್ಣ. ಅವರಲ್ಲೊಬ್ಬ ಗೋಡೆಯನ್ನು ತಟ್ಟಿ, “ಇದನ್ನ ಒಡೀಬಹುದು ಸಾರ್” ಎಂದದ್ದು ನನಗೆ ಕೇಳಿಸಿತು. ಬಣ್ಣ ಬಳಿಯುವವರಿಗೆ ಗೋಡೆ ಒಡೆಯುವ ಉಸಾಬರಿ ಯಾಕೆ ಬೇಕು, ಹೇಳು.

ನಿನ್ನೆ ಅವನು ಆಸ್ಪತ್ರೆಯ ಕಾಗದವನ್ನು ಮೇಜಿನ ಮೇಲೆ ಬಿಟ್ಟು ಕಚೇರಿಗೆ ಹೋದ. ಮೇಲ್ಗಡೆ ದಪ್ಪಕ್ಷರದ ತಲೆಬರಹವಿತ್ತು. ನನಗೆ ಡಾಕ್ಟರು ಅಂಗೈಯಲ್ಲಿ ಗೀಚಿದ್ದು ನೆನಪಾಯಿತು. ತೋರುಬೆರಳಿನಿಂದ ಮೊದಲ ಅಕ್ಷರದ ಅಂಚನ್ನು ಹಿಡಿದು ತಿದ್ದಿದೆ. ಮಕ್ಕಳು ಸ್ಲೇಟಿನ ಮೇಲೆ ತಿದ್ದುವುದಿಲ್ಲವೇ, ಹಾಗೇ. ಕಣ್ಣಿಗೆ ಸಿಗದ ಅಕ್ಷರ ಬೆರಳಿಗೆ ಸಿಕ್ಕಿತು. ‘ಶಾ’. ಆಮೇಲೆ ‘ಶ್ವ’, ಅದಕ್ಕೆ ತುಂಬ ಹೊತ್ತು ಹಿಡಿಯಿತು. ಆಮೇಲೆ ‘ತ’. ಎರಡನೆಯ ಪದಕ್ಕೆ ಬೆರಳಿಡುವಷ್ಟರಲ್ಲಿ ಹೊರಗೆ ಸ್ಕೂಟರ್ ನಿಂತಿತು. ಕಾಗದ ಮರೆತೆನೆಂದು ಅರ್ಧ ದಾರಿಯಿಂದ ವಾಪಸು ಬಂದಿದ್ದ. ನಾನು ಕಿಟಕಿಯ ಹತ್ತಿರ ನಿಂತು ಬೀದಿ ನೋಡುತ್ತಿದ್ದವಳಂತೆ ನಟಿಸಿದೆ.

ಶಾಶ್ವತ. ಕಣ್ಣಿನ ಆಪರೇಷನ್ನಿನಲ್ಲಿ ಶಾಶ್ವತವಾದದ್ದು ಏನಿರುತ್ತದೆ? ಶಾಶ್ವತ ಪರಿಹಾರ ಎಂದಿರಬಹುದು. ಆಸ್ಪತ್ರೆಗಳು ಹಾಗೆಲ್ಲ ಹೇಳಿಕೊಳ್ಳುತ್ತವೆ. ಹಾಗೆಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೇನೆ.

ಒಂದು ಮಾತ್ರ ಗಟ್ಟಿ ಮಾಡಿಕೊಂಡಿದ್ದೇನೆ. ಆ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ. ಹೋದ ವಾರ ಪಿಂಚಣಿಯ ಕಾಗದಗಳೆಂದು ನಾಲ್ಕೈದು ಮುಂದಿಟ್ಟ, ಅವಕ್ಕೆ ಹಾಕಿಕೊಟ್ಟೆ, ಅದು ಬೇರೆ. ಇದಕ್ಕೆ ಮಾತ್ರ ನೀನು ಬಂದು ಓದಿ ಹೇಳುವ ತನಕ ಪೆನ್ನು ಮುಟ್ಟುವವಳಲ್ಲ. ಸೋಮವಾರ ಅಲ್ಲಿಗೆ ಕರೆದುಕೊಂಡು ಹೋದರೂ ಕೈಕಟ್ಟಿ ಕೂರುತ್ತೇನೆ. ನನ್ನ ಸಹಿಯಿಲ್ಲದೆ ಯಾರೂ ನನ್ನನ್ನು ಏನೂ ಮಾಡುವಂತಿಲ್ಲ. ಈಗ ನನಗಿರುವ ಧೈರ್ಯ ಅದೊಂದೇ.

ನನಗೆ ಹೆದರಿಕೆಯಾಗುತ್ತಿದೆ ಕಣೇ. ಹೆತ್ತ ಮಗನಿಗೇ ಹೆದರುತ್ತಿದ್ದೇನೆ ಎಂಬ ಒಂದು ಮಾತು ಬರೆಯಲು ಇಷ್ಟುದ್ದ ಸುತ್ತಬೇಕಾಯಿತು. ರಜೆ ಸಿಗಲಿ ಬಿಡಲಿ, ಸೋಮವಾರದೊಳಗೆ ಬಂದುಬಿಡು. ಯಾರ ಬಾಯಿಂದಲೂ ಏನನ್ನೂ ಹೇಳಿಕಳಿಸಬೇಡ. ಬಂದು, ನನ್ನ ಅಂಗೈ ಹಿಡಿದು, ಹೇಳಬೇಕಾದದ್ದನ್ನು ಬೆರಳಿನಿಂದ ಬರೆ. ಆಗ ಮಾತ್ರ ನಂಬುತ್ತೇನೆ.

ನಿನ್ನ ವಿಳಾಸ ಕೈಗೆ ಬಾಯಿಪಾಠವಾಗಿದೆ, ಲಕೋಟೆಯ ಮೇಲೆ ನಾನೇ ಬರೆದಿದ್ದೇನೆ. ಕಾಗದ ಮಡಚಿ, ಅಂಟಿಸಿ, ಬೀದಿ ಕೊನೆಯ ಡಬ್ಬಿಗೆ ಹಾಕುವವಳು ಮೌನಗೌರಿ. ಅವಳಿಗೆ ಓದು ಬಾರದಿರುವುದೇ ಈಗ ನನಗೆ ದೊಡ್ಡ ನೆಮ್ಮದಿ. ಹಾಳೆಯ ಕೆಳಗೆ ಒಂದಿಷ್ಟು ಜಾಗ ಖಾಲಿ ಉಳಿದಿದೆ, ಇರಲಿ. ಗಾಳಿ ಜಾಸ್ತಿಯಾದರೆ ಕಿವಿ ಮುಚ್ಚಿಕೊಂಡು ಓಡಾಡು. ಇಟ್ಟುಕೊಂಡಿದ್ದ ಆಶೀರ್ವಾದ ಇದೋ, ನೂರು ವರ್ಷ ಚೆನ್ನಾಗಿರು.

ನಿನ್ನನ್ನೇ ಕಾಯುತ್ತಿರುವ
ಅಮ್ಮ

ತಾ.ಕ.: ಅಕ್ಕಾ, ಇದು ಅಮ್ಮ ಬರೀತಿರೋದಲ್ಲ. ನಾನು, ಅವರು ಮೌನಗೌರಿ ಅಂತಾರಲ್ಲ, ಅವಳು. ನಂಗೆ ಓದೋಕೆ ಬರೆಯೋಕೆ ಬರುತ್ತೆ. ಬರಲ್ಲ ಅಂದಿದ್ದಕ್ಕೇ ಈ ಕೆಲಸ ಸಿಕ್ಕಿದ್ದು. ಅಮ್ಮಂಗೂ ಹೇಳಿಲ್ಲ. ಹೇಳಿದ್ರೆ ಎಲ್ಲಾನೂ ಓದು ಓದು ಅಂತಾರೆ, ಸಾರ್‌ಗೆ ಗೊತ್ತಾಗುತ್ತೆ, ನನ್ನನ್ನ ಕಳಿಸ್ತಾರೆ. ಆಮೇಲೆ ಅವರ ಹತ್ರ ಯಾರೂ ಇರಲ್ಲ.

ನಿಮ್ಮ ಮೂರು ಕಾಗದಾನೂ ಸಾರ್ ಡ್ರಾಯರಲ್ಲಿವೆ. “ನಾನು ಬರ್ತೀನಿ ಅಂದ್ರೂ ಯಾಕಮ್ಮ ಬರಬೇಡ ಅಂತೀಯ” ಅಂತ ಮೂರರಲ್ಲೂ ಕೇಳಿದೀರ. ಅಮ್ಮ ನಿಮಗೆ ಬರೆದ ಎರಡೂ ಅಲ್ಲೇ ಇವೆ. ಅಮ್ಮ ಹೇಳಿ ಬರೆಸಿದ್ದು ಅಂತ ಅವರ ಹೆಸರಲ್ಲಿ ನಿಮಗೆ ಬರೀತಿರೋದು ಸಾರ್.

ಅಮ್ಮ ಬೆರಳಿಟ್ಟು ಓದಿದ ಕಾಗದದ ಮೇಲಿರೋದು ಶಾಶ್ವತ ವಾಸಕ್ಕೆ ಒಪ್ಪಿಗೆ ಅಂತ. ಊರಾಚೆ, ಬುದ್ಧಿ ಸರಿಯಿಲ್ಲದೋರನ್ನ ಇಟ್ಕೊಳ್ಳೋ ಮನೆ. ಮಗ ಒಪ್ಪದೆ ಯಾರೂ ನೋಡೋಕೆ ಬರೋ ಹಾಗಿಲ್ಲ ಅಂತ ಸಣ್ಣಕ್ಷರದಲ್ಲಿದೆ. ಕೆಳಗಡೆ ಅಮ್ಮನ ಸಹಿ ಆಗ್ಲೇ ಇದೆ. ಪಿಂಚಣಿ ಕಾಗದ ಅಂತ ಕೊಟ್ಟಿದ್ದರಲ್ಲಿ ಅದೂ ಇತ್ತು. ಸೋಮವಾರ ಕರ್ಕೊಂಡು ಹೋಗ್ತಿರೋದು ಬಿಟ್ಟು ಬರೋಕೆ. ಆ ಮನೆ ವಿಳಾಸ ಲಕೋಟೆ ಒಳಗಡೆ ಬರೆದಿದೀನಿ, ಹರಿಯೋವಾಗ ಹುಷಾರು. ಬೇಗ ಬನ್ನಿ ಅಕ್ಕ.

ಇಷ್ಟು ಬರೆಯೋಷ್ಟರಲ್ಲಿ ಅಮ್ಮ ಎದ್ದು ಬಂದ್ರು. ಇಲ್ಲಿ ಖಾಲಿ ಬಿಟ್ಟಿದ್ದೆನಲ್ಲ, ಮಸಿ ಹೇಗೆ ಬಂತು ಅಂತ ಕೇಳಿದ್ರು. ನೀವೇ ಬರೆದಿದ್ದಮ್ಮ, ಮರೆತಿದೀರ ಅಂದೆ. ಹೇಳೋವಾಗ ಮಧ್ಯದಲ್ಲಿ ಒಂದು ಸಲ ನಿಂತೆ. ನನ್ನ ಮುಖ ನೋಡಿದ್ರು, ಪೆನ್ಸಿಲ್ ತಗೊಂಡ್ರು, ಮೇಜಿನ ಮೇಲೆ ಒಂದೇ ಒಂದು ಸಲ ಕುಟ್ಟಿದ್ರು.