ಮಿನ್ನಿಯ ಹಲ್ಲು

ತಾಳ್ಯ, ಸೋಮವಾರ

ಸುಮಿತ್ರಾ ಮೇಡಂ ಅವರಿಗೆ ಕುರಿ ಚಿತ್ರಲಿಂಗಪ್ಪನ ನಮಸ್ಕಾರ.

ಮಿನ್ನೀನ ಗೇಟಿನ ಹತ್ರ ಬಿಟ್ಟು ಮಾತಾಡಿಸದೆ ಹೋದೆ ಅಂತ ನಿನ್ನೆ ಫೋನಲ್ಲಿ ಬೈದ್ರಿ. ಕೆಮ್ಮು ನಿಂತೈತೆ, ಮಂಡಿ ಜಾರಿ ಕುಂಟೋದೂ ಇಲ್ಲ ಅಂತ ಖುಷಿಪಟ್ರಿ. ನಿಮ್ಮ ಹಿಂದೆ ಅದು ಬೊಗಳಿದ್ದು ಕೇಳಿ ಫೋನ್ ಇಟ್ಟುಬಿಟ್ಟೆ. ಇವತ್ತು ಎಷ್ಟು ಸಲ ಫೋನ್ ಮಾಡಿದ್ರೂ ನೀವು ಎತ್ತಲಿಲ್ಲ. ಅದಕ್ಕೆ ಬಸ್ ಕಂಡಕ್ಟರ್ ಕೈಲಿ ಈ ಕಾಗದ.

ನಾನು ದುರ್ಗದ ನಿಮ್ಮ ಮನೆಗೆ ಬಂದೇ ಇಲ್ಲ ಮೇಡಂ. ಪೇಟೆ ಧೂಳು ಆಗಲ್ಲ ಅಂತ ನೀವು ನಮ್ಮಲ್ಲಿ ಬಿಟ್ಟಿದ್ದ ಪೊಮೆರೇನಿಯನ್ ನಾಯಿ ಮಿನ್ನಿ ಹೋದ ಬುಧವಾರ ಬಾತುಕೋಳಿ ಕೂಗಿದಂಗೆ ಕೆಮ್ಮಿ ಕೆಮ್ಮಿ ನನ್ನ ತೊಡೆ ಮೇಲೇ ಸತ್ತೋಯ್ತು. ನಿಮಗೆ ಹೇಳೋಕೆ ಧೈರ್ಯ ಬರಲಿಲ್ಲ. ಬೇವಿನ ಬುಡದಲ್ಲಿ ಮಣ್ಣು ಮಾಡಿ ಮುಳ್ಳು ಮುಚ್ಚಿದೆ. ಇವತ್ತು ಬೆಳಿಗ್ಗೆ ಗುಂಡಿ ತೆಗೆದು ನೋಡಿದೆ. ಆ ನರಿಮೂತಿ, ಬೆನ್ನ ಮೇಲೆ ಮಡಚಿಕೊಂಡ ಬಾಲ, ಎಲ್ಲಾ ಅಲ್ಲೇ ಐತೆ.

ಕುರಿ ಕೊಳ್ಳುವಾಗ ನಾವು ಮೊದಲು ಬಾಯಿ ಬಿಡಿಸಿ ಹಲ್ಲು ನೋಡ್ತೀವಿ. ಮಿನ್ನಿ ಬಂದ ದಿನಾನೂ ಹಂಗೇ ನೋಡಿದ್ದೆ. ಕೆಳಗಿನ ಮುಂದಿನ ಹಲ್ಲು ಆರೂ ಉದುರಿದ್ದವು. ನಿಮ್ಮನೇಲಿ ಇರೋದರ ಬಾಯಿ ಒಂದ್ಸಲ ಬಿಡಿಸಿ ನೋಡ್ರಿ.

ನೋಡೋಕೆ ಮುಂಚೆ ನಿಮ್ಮ ಪಾಪೂನ ಬೇರೆ ರೂಮಲ್ಲಿಟ್ಟು ಚಿಲಕ ಹಾಕ್ರಿ.

ನಿಜ ಮುಚ್ಚಿಟ್ಟ ತಪ್ಪಿಗೆ ಕೈಮುಗಿದು,
ಚಿತ್ರಲಿಂಗಪ್ಪ