ನನ್ನ ಅಣ್ಣ ನನ್ನ ಅಣ್ಣನಲ್ಲವೆಂದು ಬರೆದುಕೊಟ್ಟ ಮೇಲೆ

ಮಾನ್ಯ ವೀಸಾ ಅಧಿಕಾರಿಗಳೇ,

ನನಗೆ ಅಣ್ಣನೊಬ್ಬ ಇದ್ದಾನೋ ಇಲ್ಲವೋ ಎಂಬುದನ್ನು ನೀವು ಈ ವರ್ಷ ಎರಡು ಸಲ ತೀರ್ಮಾನಿಸಿದ್ದೀರಿ. ಮೊದಲ ಸಲ, ಇರುವ ಅಣ್ಣನನ್ನು ಮುಚ್ಚಿಟ್ಟೆನೆಂದು ನನಗೆ ವೀಸಾ ನಿರಾಕರಿಸಿದಿರಿ. ಎರಡನೆಯ ಸಲ, ಅವನು ಅಣ್ಣನಲ್ಲವೆಂದು ನಾನು ಪ್ರಮಾಣ ಮಾಡಿ ಬರೆದುಕೊಟ್ಟ ಮೇಲೆ, ಹೇಳಿಕೆ ಬದಲಿಸಿದೆನೆಂದು ನಿರಾಕರಿಸಿದಿರಿ. ಇದ್ದಾನೆ ಎಂದರೂ ಸುಳ್ಳುಗಾತಿ, ಇಲ್ಲ ಎಂದರೂ ಸುಳ್ಳುಗಾತಿ. ಅತ್ತ ದರಿ ಇತ್ತ ಪುಲಿ ಎಂದು ನಮ್ಮಲ್ಲಿ ಹೇಳುತ್ತಾರೆ. ನಿಮ್ಮ ದೇಶದ ವಿಶ್ವವಿದ್ಯಾಲಯದಲ್ಲಿ ನನ್ನ ಕೊನೆಯ ವರ್ಷದ ತರಗತಿಗಳು ಶುರುವಾಗಿ ಬಹಳ ದಿನವಾಯಿತು, ನಾನು ಅರಸೀಕೆರೆಯಲ್ಲಿ ನಮ್ಮ ಕೊಬ್ಬರಿ ಮಂಡಿಯ ಮಾಳಿಗೆಯ ಮೇಲೆ ಕೂತು ಈ ಪತ್ರ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಬರೆದರೆ ನಿಮಗೆ ಓದಲು ಬರುವುದಿಲ್ಲವೆಂದು ಗೊತ್ತು. ನಿಮಗೆ ಬರುವ ಭಾಷೆಯಲ್ಲಿ ಬರೆದದ್ದರ ಗತಿಯನ್ನೂ ಕಂಡಿದ್ದೇನೆ, ಆದ್ದರಿಂದ ಹೊಸದಾಗಿ ಕಳೆದುಕೊಳ್ಳುವುದೇನಿಲ್ಲ.

ನಮ್ಮದು ಅರಸೀಕೆರೆ ಹತ್ತಿರದ ಗಂಡಸಿ ಎಂಬ ಊರಿನ ಒಟ್ಟು ಮನೆ. ನಮ್ಮಪ್ಪ ಮತ್ತು ಅವರ ಅಣ್ಣ ಷಡಕ್ಷರಪ್ಪ, ಎಂದರೆ ನನ್ನ ದೊಡ್ಡಪ್ಪ, ಒಂದೇ ಒಲೆಯಲ್ಲಿ ಬೆಂದದ್ದನ್ನು ಉಂಡು ಇದ್ದವರು, ಈಗಲೂ ಹಾಗೇ ಇದ್ದಾರೆ. ದೊಡ್ಡಪ್ಪನ ಮಗ ರಾಜಶೇಖರ್. ನಾನು ಹುಟ್ಟಿದಾಗಿನಿಂದ ಅವನು ನನ್ನ ರಾಜಣ್ಣ. ನನ್ನ ತಂದೆ ತಾಯಿಗೆ ನಾನೊಬ್ಬಳೇ, ಅವನ ತಂದೆ ತಾಯಿಗೆ ಅವನೊಬ್ಬನೇ, ಆದರೆ ನಾವಿಬ್ಬರೂ ಒಂಟಿ ಮಕ್ಕಳೆಂದು ನಮಗೆ ಯಾರೂ ಹೇಳಿರಲಿಲ್ಲ. ಅದನ್ನು ಮೊದಲು ತಿಳಿಸಿದ್ದು ನಿಮ್ಮ ಇಲಾಖೆ. ಇಷ್ಟು ವರ್ಷ ನಮ್ಮ ಅಜ್ಜಿ ರುದ್ರಮ್ಮನಿಗೂ ಗೊತ್ತಾಗದ ಸಂಗತಿಯನ್ನು ನೀವು ಒಂದೇ ಬೆಳಿಗ್ಗೆ ಕಂಡುಹಿಡಿದಿರಿ. ಅಭಿನಂದನೆಗಳು.

ರಾಜಣ್ಣ ನಿಮ್ಮ ದೇಶದ ಒಂದು ವೃದ್ಧಾಶ್ರಮದಲ್ಲಿ ನರ್ಸ್. ನಿಮ್ಮ ಕಡೆಯ ಅಜ್ಜ ಅಜ್ಜಿಯರನ್ನು ಮಗ್ಗುಲು ಬದಲಿಸಿ ಮಲಗಿಸುವುದು, ಮೈ ಒರೆಸುವುದು ಅವನ ಕೆಲಸ. ನಾನು ಹಳೆಯ ಕಲ್ಲುಗಳನ್ನು ಕಾಪಾಡುವ ವಿದ್ಯೆ ಕಲಿಯಲು ಅಲ್ಲಿಗೆ ಹೋದವಳು. ಮೊದಲ ವಾರವೇ ನಮ್ಮ ಪ್ರೊಫೆಸರರು ಪರದೆಯ ಮೇಲೆ ಹಳೇಬೀಡಿನ ಗೋಡೆಯೊಂದನ್ನು ತೋರಿಸಿ, ಇದನ್ನು ಹತ್ತಿರದಿಂದ ನೋಡಿದವರು ಯಾರಾದರೂ ಇದ್ದೀರಾ ಎಂದು ಕೇಳಿದರು. ನಾನು ಕೈ ಎತ್ತಿದೆ. ಅವರು ಅದರ ಬಗ್ಗೆ ಹೇಳು ಎಂದರು. ನನಗೆ ನೆನಪಿದ್ದದ್ದು ಶಾಲೆಯ ಪ್ರವಾಸದಲ್ಲಿ ಅಲ್ಲಿ ಹುಲ್ಲಿನ ಮೇಲೆ ಕೂತು ಚಿತ್ರಾನ್ನ ತಿಂದದ್ದು ಮಾತ್ರ. ನಮ್ಮ ಸೀಮೆಯ ಕಲ್ಲನ್ನು ನೋಡಲು ನಾನು ಅಷ್ಟು ದೂರ ಹೋಗಬೇಕಾಯಿತಲ್ಲ ಎಂದು ನಾಚಿಕೆಯಾಯಿತು, ಅದರ ಮೇಲೆಯೇ ಪ್ರಬಂಧ ಬರೆಯುತ್ತೇನೆಂದು ಹಟ ಹಿಡಿದೆ.

ರಜೆ ಬಂದಾಗ ರೈಲು ಹತ್ತಿ ರಾಜಣ್ಣನ ಕೋಣೆಗೆ ಹೋಗುತ್ತಿದ್ದೆ. ಮುದ್ದೆ ತೊಳಸುವುದು ಅವನ ಪಾಲು, ಸಾರು ನನ್ನ ಪಾಲು. ಒಗ್ಗರಣೆಯ ವಾಸನೆ ಬಾಗಿಲಾಚೆ ಹೋಗದಂತೆ ಹೊಸ್ತಿಲಿಗೆ ಟವೆಲ್ ತುರುಕುತ್ತಿದ್ದೆವು. ಸಹಪಾಠಿಗಳು ಯಾರ ಮನೆಗೆ ಹೋಗುತ್ತೀ ಎಂದು ಕೇಳಿದಾಗ ಮೊದಮೊದಲು ಬ್ರದರ್ ಎನ್ನುತ್ತಿದ್ದೆ. ಆಮೇಲೆ ದೊಡ್ಡಪ್ಪ, ಒಟ್ಟು ಮನೆ ಎಂದೆಲ್ಲ ವಿವರಿಸಿ ಸಾಕಾಗಿ, ಕಸಿನ್ ಎಂದು ಕೈತೊಳೆದುಕೊಂಡೆ. ಊರಿಗೆ ಬಂದರೆ ಇಲ್ಲಿಯ ವಿಚಾರಣೆ ಬೇರೆ. "ಅಲ್ಲಿ ಏನ್ ತಿಂತೀಯೇ? ಕೊರಳಲ್ಲಿ ಲಿಂಗ ಐತೋ ತೆಗ್ದಿಟ್ಟಿದ್ದೀಯೋ?" ಎಂದು ನೆಂಟರು ಕಣ್ಣಲ್ಲೇ ತಪಾಸಣೆ ಮಾಡುತ್ತಾರೆ. ಎರಡು ಕಡೆಯೂ ಉತ್ತರ ಕೊಟ್ಟು ಕೊಟ್ಟು, ಯಾವ ಊರಲ್ಲಿ ಯಾವ ಉತ್ತರ ಎಂಬುದು ನನಗೆ ಬಾಯಿಪಾಠವಾಗಿತ್ತು.

ಬೇಸಿಗೆ ರಜೆಗೆ ಬಂದಾಗ ವೀಸಾ ಮುಗಿದಿತ್ತು. ನಿಮ್ಮ ಅರ್ಜಿಯಲ್ಲಿ ಒಡಹುಟ್ಟಿದವರು ಎಂದರೆ ಅದೇ ತಂದೆ ತಾಯಿಯ ಮಕ್ಕಳು ಎಂದು ಸ್ಪಷ್ಟವಾಗಿ ಮುದ್ರಿಸಿದ್ದೀರಿ. ಓದಿದೆ, ಯಾರೂ ಇಲ್ಲವೆಂದು ಬರೆದೆ. ನಿಮ್ಮ ರೀತಿಯಲ್ಲಿ ಯೋಚಿಸಿ ಬರೆದ ಉತ್ತರ ಅದು. ಸಂದರ್ಶನದಲ್ಲಿ ನೀವು ನಗುತ್ತಾ, ಅಲ್ಲಿ ಒಂಟಿತನ ಕಾಡುವುದಿಲ್ಲವೇ, ರಜೆಯಲ್ಲಿ ಏನು ಮಾಡುತ್ತೀ ಎಂದಿರಿ. ನಿಮ್ಮ ನಗು ಕಂಡು ನನಗೆ ಸಲುಗೆ ಬಂತು, ನನ್ನ ಬ್ರದರ್ ಮನೆಗೆ ಹೋಗುತ್ತೇನೆ ಎಂದೆ. ನಿಮ್ಮ ಮುಖ ಅಲ್ಲಿಗೆ ಗಂಟಿಕ್ಕಿತು. ನಾನು ದೊಡ್ಡಪ್ಪನ ಕಥೆ ಶುರು ಮಾಡುವಷ್ಟರಲ್ಲಿ ಮುಂದಿನವರನ್ನು ಕರೆದಿರಿ. ಒಂದು ಮಾತು ಕೇಳುತ್ತೇನೆ: ಅಣ್ಣನನ್ನು ಮುಚ್ಚಿಡುವ ಕಳ್ಳಿ, ಅವನ ಬಗ್ಗೆ ಕೇಳದಿದ್ದರೂ ಅವನ ಮನೆಯ ವಿಷಯವನ್ನು ನಿಮ್ಮೆದುರು ತಾನಾಗಿ ಹೇಳುತ್ತಾಳೆಯೇ?

ಮರುಪರಿಶೀಲನೆ ಬೇಕಿದ್ದರೆ ಪುರಾವೆ ಕೊಡಿ ಎಂದಿರಿ. ಅಣ್ಣನಲ್ಲ ಎಂಬುದಕ್ಕೆ ಏನು ಪುರಾವೆ ಕೊಡುವುದು? ಅರಸೀಕೆರೆಯ ವಕೀಲ ದೇವೇಂದ್ರ ಅವರು ಒಂದು ಪ್ರಮಾಣಪತ್ರ ಬರೆದರು. ರಾಜಶೇಖರ್ ನನ್ನ ಸಹೋದರನಲ್ಲ, ನಾವು ಬೇರೆ ಬೇರೆ ಕುಟುಂಬದವರು, ಎಂದೂ ಒಂದೇ ಮನೆಯ ಸದಸ್ಯರಾಗಿರಲಿಲ್ಲ ಎಂದು ಅದರಲ್ಲಿತ್ತು. ಇದು ಜಾಸ್ತಿಯಾಯಿತಲ್ಲ ಎಂದೆ. "ಖಡಾಖಂಡಿತವಾಗಿ ಬರೀದಿದ್ರೆ ಅವರು ಒಪ್ಪಲ್ಲ ಕಣಮ್ಮ," ಎಂದರು ವಕೀಲರು. ದೊಡ್ಡಪ್ಪನೂ ಸಹಿ ಹಾಕಬೇಕಿತ್ತು. ನಾನು ಪೆನ್ನು ಹಿಡಿದು ಕೂತಿದ್ದು ನೋಡಿ ಅವರೇ ಮೊದಲು ಹಾಕಿದರು. "ಕಾಗದ ತಾನೆ, ಬರ್ಕೊಡವ್ವ. ಕಾಗದದಲ್ಲಿ ಅಣ್ಣ ಇಲ್ದೇ ಹೋದ್ರೆ ಮನೇಲೂ ಇಲ್ದಂಗಾಗ್ತದಾ?" ಎಂದರು. ಅಜ್ಜಿ ಮಾತ್ರ ಆ ದಿನ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. "ಒಂದೇ ತಣಿಗೇಲಿ ಕಲ್ಸಿ ಉಣ್ಣಿಸಿದ್ದೆ ಕಣೇ ನಿಮ್ಮಿಬ್ರಿಗೂ," ಎಂದು ಅಷ್ಟೇ ಹೇಳಿದಳು.

ಆ ಕಾಗದವನ್ನು ನೀವು ಓದಿದಿರಿ. ಸಂದರ್ಶನದಲ್ಲಿ ಸಹೋದರ ಎಂದವಳು ಈಗ ಅಲ್ಲ ಎನ್ನುತ್ತಿದ್ದಾಳೆ, ನಂಬಿಕೆಗೆ ಅರ್ಹಳಲ್ಲ ಎಂದು ಬರೆದಿರಿ. ಇನ್ನು ಇಂತಿಷ್ಟು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ ಎಂದೂ ಸೇರಿಸಿದಿರಿ. ವಿಶ್ವವಿದ್ಯಾಲಯದವರು ವಿಷಾದಿಸಿ ಪತ್ರ ಬರೆದು ನನ್ನ ಹೆಸರು ತೆಗೆದರು. ಅಲ್ಲಿಗೆ ಓದು ಮುಗಿಯಿತು. ನಾನು ಒಂದು ದಿನ ಪೂರ್ತಿ ಅತ್ತೆ, ಆಮೇಲೆ ಮಂಡಿಗೆ ಹೋಗಿ ಕೂತೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕಳೆದ ತಿಂಗಳು ರಾಜಣ್ಣ ರಜೆ ಹಾಕಿ ಊರಿಗೆ ಬಂದ, ಅವನ ಮದುವೆಯಾಯಿತು. ಹುಡುಗಿ ಶಿಲ್ಪಶ್ರೀ, ಮಾದಿಹಳ್ಳಿಯವಳು. ನಿಮಗೆ ತಿಳಿಯದ ಒಂದು ಪದ್ಧತಿ ಹೇಳುತ್ತೇನೆ. ಗಂಡು ಹೆಣ್ಣು ಮನೆ ತುಂಬಲು ಬಂದಾಗ ಗಂಡಿನ ತಂಗಿ ಹೊಸ್ತಿಲಲ್ಲಿ ನಿಂತು ಬಾಗಿಲು ತಡೆಯುತ್ತಾಳೆ. ನಿನಗೆ ಹೆಣ್ಣು ಹುಟ್ಟಿದರೆ ನನ್ನ ಮಗನಿಗೆ ಕೊಡುತ್ತೀಯಾ ಎಂದು ಅಣ್ಣನನ್ನು ಕೇಳುತ್ತಾಳೆ. ಅವನು ಆಗಲಿ ಎನ್ನುವವರೆಗೆ ಒಳಗೆ ಬಿಡುವುದಿಲ್ಲ. ಕೊಡುವುದೂ ಇಲ್ಲ, ತರುವುದೂ ಇಲ್ಲ, ಬರೀ ತಮಾಷೆ. ಆದರೆ ಮದುವೆಯಾದ ಮೇಲೂ ನೀನು ನನ್ನ ಅಣ್ಣನೇ ಎಂದು ಊರೆದುರು ಹೇಳಿಸಿಕೊಳ್ಳುವುದು ಆ ಒಂದು ಗಳಿಗೆಯಲ್ಲಿ. ರಾಜಣ್ಣನಿಗೆ ಬಾಗಿಲು ತಡೆಯಲು ನಾನು ಬಿಟ್ಟರೆ ಯಾರಿದ್ದಾರೆ?

ದಿಬ್ಬಣ ಬರುವ ಮುಂಚೆ ದೊಡ್ಡಪ್ಪ ನನ್ನನ್ನು ಪಕ್ಕಕ್ಕೆ ಕರೆದರು. ತಲೆ ಎತ್ತದೆ ಮಾತಾಡಿದರು. "ಎಲ್ರ ಕೈಯಲ್ಲೂ ಫೋನು, ವಿಡಿಯೋ ಮಾಡ್ತಾರೆ. ಅದು ಎಲ್ಲೆಲ್ಲಿಗೋ ಹೋಗ್ತದೆ. ನೀನು ತಂಗಿ ಅಂತ ನಿಂತ್ಕೊಂಡಿದ್ದು ಅವರ ಕಣ್ಣಿಗೆ ಬಿದ್ರೆ, ಸುಳ್ಳು ಬರ್ಕೊಟ್ರು ಅಂತ ರಾಜನ್ನೂ ಅಲ್ಲಿಂದ ಕಳ್ಸಿದ್ರೆ ಏನ್ ಮಾಡಣ? ಒಳ್ಗೇ ಇದ್ಬಿಡವ್ವ."

ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ನಿಮ್ಮ ಭಯವಿತ್ತು. ಕಾಗದ ತಾನೆ ಎಂದಿದ್ದವರೇ ಈಗ ನಿಮಗೆ ಹೆದರುತ್ತಿದ್ದರು. ನಾನು ಅಡುಗೆಮನೆಗೆ ಹೋಗಿ ಕಿಟಕಿಯ ಹತ್ತಿರ ನಿಂತೆ. ರಾಜಣ್ಣ ಹೆಂಡತಿಯೊಂದಿಗೆ ಬಂದು ಹೊಸ್ತಿಲ ಮುಂದೆ ನಿಂತ. ಬಾಗಿಲು ತೆರೆದಿತ್ತು, ಅಡ್ಡ ಯಾರೂ ಇರಲಿಲ್ಲ. ಅವನು ಒಳಗೆ ಬರದೆ ಸುಮ್ಮನೆ ನಿಂತೇ ಇದ್ದ. "ಯಾಕಪ್ಪ ನಿಂತ್ಕಂಡೆ, ಬಲಗಾಲಿಟ್ಟು ಬಾ," ಎಂದರು ಯಾರೋ ಹಿರಿಯರು. ಅಜ್ಜಿ ಮುಖ ತಿರುಗಿಸಿಕೊಂಡಳು. ಅವನು ಇನ್ನೊಂದು ಸಲ ಮನೆಯೊಳಗೆ ಕಣ್ಣಾಡಿಸಿ, ತಲೆ ಬಗ್ಗಿಸಿ ಒಳಗೆ ಬಂದ. ಯಾರೂ ಅವನನ್ನು ಏನೂ ಕೇಳಲಿಲ್ಲ.

ಅಧಿಕಾರಿಗಳೇ, ನಾನೀಗ ವೀಸಾ ಕೇಳುತ್ತಿಲ್ಲ, ಓದು ಕೇಳುತ್ತಿಲ್ಲ. ನೀವು ನಂಬದೇ ಇದ್ದ ಆ ಪ್ರಮಾಣಪತ್ರ ನಿಮ್ಮ ಕಡತದಲ್ಲಿದೆ. ನಿಮಗೆ ಅದರಿಂದ ಉಪಯೋಗವಿಲ್ಲ, ಅದನ್ನು ವಾಪಸು ಕೊಡಿ. ಸಲ್ಲಿಸಿದ ದಾಖಲೆಗಳನ್ನು ಹಿಂದಿರುಗಿಸುವುದಿಲ್ಲ ಎಂಬ ನಿಮ್ಮ ನಿಯಮವನ್ನು ಓದಿದ್ದೇನೆ. ಆದರೂ ಕೇಳುತ್ತಿದ್ದೇನೆ. ನೀವು ಕೊಡುವುದಿಲ್ಲ. ಕೊಟ್ಟರೂ ರಾಜಣ್ಣ ಇನ್ನೊಮ್ಮೆ ಮದುವೆಯಾಗಿ ಆ ಹೊಸ್ತಿಲಿಗೆ ಬರುವುದಿಲ್ಲ.

ಇಂತಿ,
ತಮ್ಮ ಕಚೇರಿಯ ದಾಖಲೆಯ ಪ್ರಕಾರ ಯಾರ ತಂಗಿಯೂ ಅಲ್ಲದ
ಮೇಘಶ್ರೀ
ಗಂಡಸಿ, ಅರಸೀಕೆರೆ ತಾಲ್ಲೂಕು