ಮೇಲಿನ ಕಂಬಿ ಕೈಗೆ ಸಿಕ್ಕಿತು

ರೀ,

ನಿಮ್ಮ ರಾತ್ರಿಪಾಳಿ ಮುಗಿಯುವುದು ತಡ ಎಂದಿರಲ್ಲ, ಅದಕ್ಕೇ ಕಾಯದೆ ಶಾಲೆಗೆ ಹೊರಟೆ. ಹಾಲು ಕಾಯಿಸಿದ್ದೇನೆ, ಆರಿದ ಮೇಲೆ ಫ್ರಿಜ್ಜಿನಲ್ಲಿಡಿ.

ಗೋಡೆಯ ವ್ಯಾಯಾಮದ ಕಂಬಿಗಳಲ್ಲಿ ಎಡಗಡೆ ಕೆಳಗಿನ ಬೋಲ್ಟು ಕೂದಲೆಳೆಯಷ್ಟು ಸಡಿಲವಾಗಿದೆ. ಸ್ಪ್ಯಾನರ್ ಮೇಜಿನ ಮೇಲಿದೆ, ಮಲಗುವ ಮುಂಚೆ ಬಿಗಿ ಮಾಡಿ. ನಗಬೇಡಿ. ಅವನ್ನು ಹಾಕಿಸಿದ ದಿನ ಭಾರ ತಾಳುತ್ತವೋ ಇಲ್ಲವೋ ಎಂದು ಎರಡು ಬಕೆಟ್ ನೀರು ತೂಗುಹಾಕಿ ನಾನು ಕಾವಲು ಕೂತಾಗಲೂ "ಗೋಡೆ ಗಟ್ಟಿಯಾಗೇ ಇದೆ ಕಣೇ, ಅಲ್ಲಾಡ್ತಿರೋದು ನೀನು" ಅಂತ ನಕ್ಕಿದ್ದಿರಿ.

ಬಿದ್ದರೆ ಪೆಟ್ಟಾಗದಿರಲಿ ಎಂದು ಕಂಬಿಗಳ ಕೆಳಗೆ ನಾನು ಹಾಸಿದ ಹಾಸಿಗೆಯನ್ನು ಮಡಚಿಡಿ. ಇನ್ನು ಬೇಡ.

ಸೆಟೆದುಕೊಂಡ ನನ್ನ ಬಲಭುಜ ಆರು ತಿಂಗಳಿಂದ ಒಂದೊಂದೇ ಕಂಬಿ ಏರಿ, ಕೊನೆಯದರ ಕೆಳಗೆ ಮೊಂಡುಹಿಡಿದು ನಿಂತಿತ್ತಲ್ಲ, ಇವತ್ತು ಬೆಳಿಗ್ಗೆ ಆ ಮೇಲಿನ ಕಂಬಿಯನ್ನೂ ಹಿಡಿದೆ. ನಂಬಿಕೆ ಬರದೆ ಕೈ ಇಳಿಸಿ ಮತ್ತೆ ಹಿಡಿದೆ. ಇಪ್ಪತ್ತು ಎಣಿಸುವವರೆಗೆ ಬಿಡಲಿಲ್ಲ.

ಆಮೇಲೆ ಕನ್ನಡಿಯ ಮುಂದೆ ನಿಂತು ನನ್ನ ಜಡೆಯನ್ನು ನಾನೇ ಹಾಕಿಕೊಂಡೆ. ನೆಟ್ಟಗೆ ಬಂದಿದೆ. ಈ ಆರು ತಿಂಗಳು ನೀವು ಹಾಕಿದ ಜಡೆ ಒಂದು ದಿನವೂ ನೆಟ್ಟಗಿರಲಿಲ್ಲ. ಆದರೂ ಒಮ್ಮೆಯೂ ಅದನ್ನು ಬಿಚ್ಚಿ ಬೇರೆಯವರಿಂದ ಹಾಕಿಸಿಕೊಳ್ಳಲಿಲ್ಲ.

ಇನ್ನು ಪಾಳಿ ಮುಗಿಸಿ ಬಂದು ಬಾಚಣಿಗೆ ಹಿಡಿದು ನಿಲ್ಲಬೇಕಾಗಿಲ್ಲ, ಮಲಗಿ. ಭಾನುವಾರ ಮಾತ್ರ ನಿಲ್ಲಿ.